ಅಚ್ಚಿನೆಣ್ಣೆ

ರಾಯಚೂರಿನ ಕೋಟೆಯ ಗೋಡೆಯಲ್ಲಿ ಒಂದು ಕಲ್ಲುಂಟು. ಅದರ ಉದ್ದ 41 ಅಡಿ 8 ಅಂಗುಲ. 1294ರಲ್ಲಿ, ಕಾಕತೀಯರ ಆಳ್ವಿಕೆಯ ಕಾಲದಲ್ಲಿ, ಕೋಟೆ ಕಟ್ಟಿದ ಸಂಗತಿಯನ್ನು ಅದರ ಮೇಲೆ ಕೊರೆದಿದ್ದಾರೆ. ಗೋರೆ ಗಂಗಯ ರೆಡ್ಡಿ, ವಿಠಲ ಎಂಬವರ ಹೆಸರುಗಳು ಅದರಲ್ಲಿ ಬರುತ್ತವೆ. ಶಾಸನಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಸೆಳೆದುದು ಗೋಡೆಯ ಮೇಲಿರುವ ಒಂದು ಚಿತ್ರ. ಆ ಕಲ್ಲನ್ನೇ ಕಣಿಯಿಂದ ಕೋಟೆಗೆ ಹೇಗೆ ತಂದರೆಂಬುದನ್ನು ಅಲ್ಲಿ ಬಿಡಿಸಿದ್ದಾರೆ. ಅರೆಕಾಲುಗಳಿಲ್ಲದ ಗಟ್ಟಿ ಗಾಲಿಗಳ ಬಂಡಿ, ಮುಂದೆ ಸಾಲುಸಾಲಾಗಿ ಹೂಡಿದ ಕೋಣಗಳು, ಅವುಗಳನ್ನು ಹೊಡೆಯುವವರು, ಗಾಲಿಗಳಿಗೆ ಸನ್ನೆಗೋಲು ಕೊಟ್ಟು ನೂಕುವವರು. ರಾಜನನ್ನು ಕೆತ್ತಿದ ಶಿಲ್ಪಗಳು ನಾಡಿನಲ್ಲಿ ಎಷ್ಟೋ ಇವೆ. ಸನ್ನೆಗೋಲು ಹಿಡಿದವರನ್ನು ನೆನಪಿಟ್ಟ ಕಲ್ಲುಗಳು ಬಲು ವಿರಳ.

ಆ ಬಂಡೆಯ ಭಾರವೆಲ್ಲ ಬಿದ್ದದ್ದು ಬಂಡಿಯ ಅಚ್ಚುಗಳ ಮೇಲೆ. ಒಣಗಿದ ಅಚ್ಚಿನ ಮೇಲೆ ಅಂಥ ಹೊರೆ ಒಂದು ಹರದಾರಿಯೂ ಸಾಗಲಾರದು; ಮರಕ್ಕೆ ಮರ ಉಜ್ಜಿ ಹೊಗೆಯಾಡುತ್ತದೆ, ಸವೆಯುತ್ತದೆ, ಮುರಿಯುತ್ತದೆ. ಆದುದರಿಂದ ಆ ದಾರಿಯುದ್ದಕ್ಕೂ ಯಾರೋ ಒಬ್ಬರು ಎಣ್ಣೆಯ ಪಾತ್ರೆ ಹಿಡಿದು ಗಾಲಿಯ ಪಕ್ಕದಲ್ಲಿ ನಡೆದಿರಲೇಬೇಕು.

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ರಾಯಚೂರು ದೋಆಬವೆಂದರೆ ಯುದ್ಧದ ನೆಲ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಪ್ರದೇಶಕ್ಕಾಗಿ ಬಹಮನಿಗಳು, ವಿಜಯನಗರದವರು, ಬಿಜಾಪುರದವರು ಹೊಡೆದಾಡಿದ್ದನ್ನೂ 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುದನ್ನೂ ಶಾಲೆಯ ಮಕ್ಕಳು ಬಲ್ಲರು. ದಂಡು ಬಂದಿತು, ದಂಡು ಹೋಯಿತು ಎಂದು ಓದುತ್ತೇವೆ. ದಂಡಿನ ಹಿಂದೆ ಹೋದ ಸಾವಿರಾರು ಬಂಡಿಗಳ ಕೀಲಿಗೆ ಎಣ್ಣೆ ಹಾಕಿದವರ ಮಾತು ಬರುವುದಿಲ್ಲ. ಈ ಲೇಖನ ಆ ಎಣ್ಣೆಯನ್ನು ಕುರಿತದ್ದು. ಹೊಲದ ಬಂಡಿಯ ಅಚ್ಚಿನಿಂದ ಹಿಡಿದು, ಇಂದು ದೇವದುರ್ಗ ಮಾನ್ವಿಗಳ ದಾರಿಯಲ್ಲಿ ಓಡುವ ಹಳೆಯ ಜೀಪಿನ ಡಿಫರೆನ್ಷಿಯಲ್ ಸೀಲಿನವರೆಗೆ. ಸಾಹಿತ್ಯದ ಪುಟಕ್ಕೆ ಇದು ಒಗ್ಗುವ ವಿಷಯವೇ ಎಂದು ಮೂಗು ಮುರಿಯುವವರು ಇರಬಹುದು. ಕಡೆಗೀಲಿನ ಮಾತನ್ನು ವಚನಕಾರರೇ ಆಡಿದ್ದಾರೆ. ನನಗೆ ಅಷ್ಟು ಆಧಾರ ಸಾಕು.

ಅಚ್ಚು ಬಹು ಹಳೆಯ ವಸ್ತು, ಹಳೆಯ ಮಾತು. ಸಂಸ್ಕೃತದ ಅಕ್ಷ, ಲ್ಯಾಟಿನಿನ ಆಕ್ಸಿಸ್, ಇಂಗ್ಲಿಷಿನ ಆಕ್ಸಲ್ ಇವೆಲ್ಲ ಒಂದೇ ಮೂಲದವು. ನಮ್ಮ ಅಚ್ಚಿಗೂ ಅಕ್ಷಕ್ಕೂ ಸಂಬಂಧ ಹೇಳುವವರುಂಟು. ಗಾಲಿಯ ನಡುವಿನ ಗುಂಬದೊಳಗೆ ಅಚ್ಚಿನ ತುದಿ ಹೊಕ್ಕು, ಅದು ಕಳಚದಂತೆ ಕೊನೆಯಲ್ಲಿ ಕಡೆಗೀಲು ಬೀಳುತ್ತದೆ. ಅಚ್ಚಿಗೂ ಗುಂಬಕ್ಕೂ ನಡುವೆ ಇರಬೇಕಾದದ್ದು ಕೀಲೆಣ್ಣೆ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡುತ್ತಿದ್ದ ಈ ಕಪ್ಪು ಲೇಪ ಮೈಗೆ ತಾಗಿದರೆ ಬಿಡದು, ಬಟ್ಟೆಗೆ ತಾಗಿದರೆ ಮನೆಯಲ್ಲಿ ಜಗಳ. ಔಡಲೆಣ್ಣೆ ದಪ್ಪನಾದುದು, ಬಿಸಿಲಿಗೆ ಬೇಗ ತೆಳುವಾಗದು. ಕರಿಯ ನುಣುಪು ಎಣ್ಣೆ ಬತ್ತಿದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ರಸಾಯನಶಾಸ್ತ್ರ ಓದದ ಒಕ್ಕಲಿಗನು ಕಂಡುಕೊಂಡ ಗ್ರೀಸು ಅದು. ಬಂಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಅದು ಸದಾ ತೂಗಾಡುತ್ತಿತ್ತು. ಅಚ್ಚು ಒಣಗಿತೋ, ಗಾಲಿ ಕಿರುಗುಟ್ಟುತ್ತಿತ್ತು. ಆ ಸದ್ದು ಕೇಳಿದ ಮೇಲೆ ಎಣ್ಣೆ ಹಾಕದೆ ಮುಂದೆ ಹೋಗುವ ಒಕ್ಕಲಿಗನನ್ನು ಊರವರು ಬೈಯುತ್ತಿದ್ದರು. ಎತ್ತಿನ ಹೆಗಲಿಗೆ ಅದು ಅನ್ಯಾಯವೆಂಬುದು ಎಲ್ಲರಿಗೂ ತಿಳಿದಿತ್ತು.

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲು ದಾರಿಯೂ ಮದರಾಸಿನ ಕಡೆಯಿಂದ ಬಂದುದೂ ರಾಯಚೂರಿನಲ್ಲಿ ಕೂಡಿಕೊಂಡವು. ಊರು ಹತ್ತಿಯ ಪೇಟೆಯಾಗಿ ಬೆಳೆಯಿತು. ಆದರೆ ರೈಲು ನಿಲ್ದಾಣದವರೆಗೆ ಹತ್ತಿಯನ್ನು ತಂದದ್ದು ಬಂಡಿಯೇ. ಗಬ್ಬೂರಿನ ಮಾರ್ಗವಾಗಿ ದೇವದುರ್ಗದಿಂದಲೂ, ಕಲ್ಲೂರು ಕಲ್ಮಲಗಳನ್ನು ದಾಟಿ ಮಾನ್ವಿಯಿಂದಲೂ ಎರೆಯ ದಾರಿಯಲ್ಲಿ ಬಂಡಿಗಳು ಬರುತ್ತಿದ್ದವು. ಉಗಿಬಂಡಿ ಎತ್ತಿನ ಬಂಡಿಯನ್ನು ಓಡಿಸಿಬಿಟ್ಟಿತು ಎಂದು ಬರೆಯುವವರು ಈ ದಾರಿಗಳನ್ನು ಮರೆತವರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎತ್ತಿನ ಬಂಡಿಯ ಅಚ್ಚು ತಿರುಗುವುದಿಲ್ಲ. ಅದರ ಮೇಲೆ ಎರಡು ಗಾಲಿಗಳೂ ಪ್ರತ್ಯೇಕವಾಗಿ ತಿರುಗುತ್ತವೆ. ಬಂಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಮೆ. ಅವು ತಮ್ಮತಮ್ಮ ಪಾಡಿಗೆ ಉರುಳುವುದರಿಂದ ಯಾವ ತೊಡಕೂ ಇಲ್ಲ. ತೊಡಕು ಹುಟ್ಟಿದ್ದು ಎಳೆಯುವ ಶಕ್ತಿ ಎತ್ತಿನ ಹೆಗಲನ್ನು ಬಿಟ್ಟು ಗಾಲಿಗೇ ಬಂದಾಗ. ಎಂಜಿನ್ ಎರಡು ಗಾಲಿಗಳನ್ನೂ ತಿರುಗಿಸಬೇಕು, ಆದರೂ ತಿರುವಿನಲ್ಲಿ ಒಂದು ಬೇಗ, ಒಂದು ನಿಧಾನವಾಗಿ ಉರುಳಬೇಕು. ಇದು ಹೇಗೆ ಸಾಧ್ಯ? ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬ ಗಡಿಯಾರ ಕುಶಲಿ ತನ್ನ ಉಗಿಬಂಡಿಗಾಗಿ 1827-28ರಲ್ಲಿ ಉತ್ತರ ಕಂಡುಕೊಂಡನು. ಅಚ್ಚನ್ನು ನಡುವೆ ಎರಡಾಗಿ ಕಡಿದು, ತುಂಡುಗಳ ಕೊನೆಗೆ ಹಲ್ಲುಗಾಲಿಗಳನ್ನು ತೊಡಿಸಿ, ಅವುಗಳ ನಡುವೆ ಬೇರೆ ಚಿಕ್ಕ ಹಲ್ಲುಗಾಲಿಗಳನ್ನು ಕೂರಿಸಿದನು. ನೇರ ದಾರಿಯಲ್ಲಿ ಎಲ್ಲವೂ ಒಂದಾಗಿ ತಿರುಗುತ್ತವೆ. ತಿರುವಿನಲ್ಲಿ ಒಂದು ಬದಿ ಕಳೆದುಕೊಂಡಷ್ಟನ್ನು ಇನ್ನೊಂದು ಬದಿ ಪಡೆಯುತ್ತದೆ. ಇದೇ ಡಿಫರೆನ್ಷಿಯಲ್. ನಮ್ಮ ಮೆಕ್ಯಾನಿಕರು ಅದನ್ನು ಡಿಫ್ರೆನ್ಸು ಎನ್ನುತ್ತಾರೆ. ಅರ್ಥಕ್ಕೆ ಅದು ಮೂಲಕ್ಕಿಂತ ಹತ್ತಿರವಾಗಿದೆ.

ರಾಯಚೂರು ಹೈದರಾಬಾದು ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ರೈಲು ಇಲಾಖೆಯವರೇ 1932ರಲ್ಲಿ 27 ಬಸ್ಸುಗಳಿಂದ ಸರಕಾರಿ ಬಸ್ ಸಂಚಾರವನ್ನು ಆರಂಭಿಸಿದರು. ಸ್ಕಾಟ್‌ಲೆಂಡಿನ ಆಲ್ಬಿಯನ್ ಬಸ್ಸುಗಳು ಅವರಲ್ಲಿ ಹೆಸರಾದವು. ಆದರೆ ಬಸ್ಸು ಹೋಗುವುದು ರಸ್ತೆಯಿದ್ದಲ್ಲಿಗೆ. ರಸ್ತೆಯಿಲ್ಲದ ಹಳ್ಳಿಗೆ ಮೋಟಾರನ್ನು ತಲುಪಿಸಿದ ಕೀರ್ತಿ ಜೀಪಿನದು. 1941ರಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ಸೈನ್ಯಕ್ಕೆಂದು ಮಾಡಿದ ಈ ಚಿಕ್ಕ ಗಾಡಿಯ ಬಿಡಿಭಾಗಗಳನ್ನು ತರಿಸಿ, ಮಹೀಂದ್ರ ಕಂಪನಿಯವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕಿನ ಅಧಿಕಾರಿಗೂ ಜೀಪಿಗೂ ಬಿಡದ ನಂಟು ಬೆಳೆಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಎಡದಂಡೆಯ ಕಾಲುವೆಯ ಕೆಲಸಕ್ಕೆ ಎಂಜಿನಿಯರರು ತಿರುಗಿದ್ದೂ ಜೀಪುಗಳಲ್ಲೇ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದಾಗ, ಹಳ್ಳಿಯವರಿಗೆ ಸರಕಾರವೆಂದರೆ ದೂಳೆಬ್ಬಿಸಿಕೊಂಡು ಬರುವ ಜೀಪು. ಮುಂದೆ ಅದೇ ವಂಶದಲ್ಲಿ ಉದ್ದನೆಯ ಮೈಯವು, ಡೀಸೆಲಿನವು ಹುಟ್ಟಿದವು. 1994ರಲ್ಲಿ ಟಾಟಾ ಸುಮೊ, 2000ದಲ್ಲಿ ಬೊಲೆರೊ ಬಂದವು. ಇವನ್ನೆಲ್ಲ ಸೇರಿಸಿ ಎಸ್‌ಯುವಿ ಎನ್ನುವುದು ಈಗಿನ ಮಾತು. ಹತ್ತು ಜನರಿಗೆಂದು ಮಾಡಿದ್ದರಲ್ಲಿ ಹದಿನೆಂಟು ಜನರನ್ನು ಕೂರಿಸುವುದು ನಮ್ಮ ಕಡೆಯ ರೂಢಿ.

ಈ ಗಾಡಿಗಳ ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಭಾಗವಿದೆಯಲ್ಲ, ಅದೇ ಡಿಫರೆನ್ಷಿಯಲಿನ ಹೌಸಿಂಗು. ಎಂಜಿನ್ನಿನಿಂದ ಬಂದ ಉದ್ದನೆಯ ಶಾಫ್ಟು ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಪಿನಿಯನ್ನು ಕ್ರೌನ್ ಎಂಬ ದೊಡ್ಡದನ್ನು ತಿರುಗಿಸುತ್ತದೆ. ಯುದ್ಧಕಾಲದ ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39; ಶಾಫ್ಟು ಸುಮಾರು ಐದು ಸುತ್ತು ಸುತ್ತಿದರೆ ಗಾಲಿ ಒಂದು ಸುತ್ತು. ಈ ಹಲ್ಲುಗಳು ವಾರೆಯಾಗಿ ಬಾಗಿದವು. ಪಿನಿಯನ್ನಿನ ನಡುಗೆರೆ ಕ್ರೌನಿನ ನಡುಗೆರೆಗಿಂತ ತುಸು ಕೆಳಗಿರುತ್ತದೆ. ಹೈಪಾಯ್ಡ್ ಎಂಬ ಈ ಬಗೆಯ ಹಲ್ಲುಗಾಲಿಯನ್ನು 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರಿನಲ್ಲಿ ಮೊದಲು ಬಳಸಿದರು. ಅದರಿಂದ ಗಾಡಿ ಸದ್ದಿಲ್ಲದೆ ಓಡಿತು. ಆದರೆ ಹಲ್ಲಿನ ಮೇಲೆ ಹಲ್ಲು ಉರುಳುವುದರ ಜೊತೆಗೆ ಜಾರತೊಡಗಿತು. ಆ ಒತ್ತಡಕ್ಕೆ ಸಾಮಾನ್ಯ ಎಣ್ಣೆ ನಿಲ್ಲದು. ಗಂಧಕ ಬೆರೆಸಿದ ವಿಶೇಷ ಎಣ್ಣೆ ಬೇಕು. ಗೇರ್ ಎಣ್ಣೆಯ ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ಕಟುವಾಸನೆ ಅದರದೇ.

ಹೀಗೆ ಎಣ್ಣೆ ಗೊಟ್ಟದಿಂದ ಹೌಸಿಂಗಿನೊಳಕ್ಕೆ ಹೋಯಿತು. ಈಗ ಹೊಸ ಸಮಸ್ಯೆ. ಪಿನಿಯನ್ನಿನ ದಂಡ ಹೊರಗೆ ಬರುವಲ್ಲಿ ಒಂದು ತೂತು, ಅಚ್ಚುಗಳು ಗಾಲಿಯತ್ತ ಹೋಗುವಲ್ಲಿ ಎರಡು. ದಂಡ ಬಿಡುವಿಲ್ಲದೆ ತಿರುಗುತ್ತಿರಬೇಕು. ಎಣ್ಣೆ ಹೊರಗೆ ಬರಬಾರದು. ದೂಳು ನೀರು ಒಳಗೆ ಹೋಗಬಾರದು. ಬಂಡಿಯವನಿಗೆ ಈ ಚಿಂತೆ ಇರಲಿಲ್ಲ. ಅವನ ಎಣ್ಣೆ ಸೋರಿದರೆ ಮತ್ತೆ ಹಚ್ಚುತ್ತಿದ್ದನು.

ಇದಕ್ಕೆ ಪಶ್ಚಿಮದವರು ಮೊದಲು ಹಿಡಿದ ಉಪಾಯ ತೊಗಲು. ಜರ್ಮನಿಯ ವೈನ್‌ಹೈಮ್ ಊರಿನಲ್ಲಿ ಫ್ರಾಯ್ಡನ್‌ಬರ್ಗ್ ಎಂಬ ಮನೆತನದವರು ತೊಗಲು ಹದ ಮಾಡುವ ಕಾರಖಾನೆ ನಡೆಸುತ್ತಿದ್ದರು. 1929ರ ಜಗದ್ವ್ಯಾಪಿ ಆರ್ಥಿಕ ಕುಸಿತದ ಹೊತ್ತಿಗೆ ಅವರು ತೊಗಲಿನಿಂದ ಯಂತ್ರಗಳ ಸೀಲುಗಳನ್ನು ಮಾಡಲು ತೊಡಗಿದರು. ವಾಲ್ಟರ್ ಸಿಮರ್ ಎಂಬ ಎಂಜಿನಿಯರನ ಹೆಸರಿನಿಂದ ಸಿಮರ್‌ರಿಂಗ್ ಎಂದು ಪ್ರಸಿದ್ಧವಾದ ಈ ಸೀಲಿನಲ್ಲಿ ಒಂದು ಮೃದುವಾದ ತುಟಿ ತಿರುಗುವ ದಂಡವನ್ನು ಸುತ್ತಲೂ ಅಪ್ಪಿರುತ್ತದೆ; ತುಟಿಯ ಹಿಂದೆ ಬಳೆಯಂಥ ತೆಳುವಾದ ಸ್ಪ್ರಿಂಗು ಅದನ್ನು ಒತ್ತಿ ಹಿಡಿಯುತ್ತದೆ. 1930ರ ದಶಕದಲ್ಲೇ ತೊಗಲಿನ ಬದಲು ಕೃತಕ ರಬ್ಬರು ಬರಲಾರಂಭಿಸಿತು. ಆದರೂ ಮೊದಲ ಜೀಪುಗಳ ಕಾಲದವರೆಗೆ ತೊಗಲಿನ ಸೀಲು ಬಳಕೆಯಲ್ಲಿತ್ತು, ತೊಡಿಸುವ ಮುಂಚೆ ಅದನ್ನು ಎಣ್ಣೆಯಲ್ಲಿ ನೆನೆಹಾಕುತ್ತಿದ್ದರು. ಕಪಿಲೆಯ ಚೀಲವನ್ನು ಎಣ್ಣೆ ಹಚ್ಚಿ ಮೆದುವಾಗಿಡುತ್ತಿದ್ದ ನಮ್ಮವರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಜೀಪಿನ ಮುಂದಿನ ಗಾಲಿಗಳು ಹೊರಳುವ ಗುಂಡಿನ ಸುತ್ತ ಉಣ್ಣೆಯ ಫೆಲ್ಟನ್ನೇ ಪಟ್ಟಿಯಾಗಿ ಕಟ್ಟಿರುತ್ತಿದ್ದರು, ಕೆಸರು ಒರೆಸಿಹೋಗಲೆಂದು. ತೊಗಲು, ಕಂಬಳಿ, ಎಣ್ಣೆ. ಅಮೆರಿಕದ ಯುದ್ಧಯಂತ್ರದೊಳಗೆ ನಮ್ಮ ಹಟ್ಟಿಯ ಸಾಮಾನುಗಳೇ ಇದ್ದವು.

ಎಣ್ಣೆ ಒಳಗೆ ಸೇರಿದ್ದರಿಂದ ಲಾಭ ಬಹಳ. ನಷ್ಟವೂ ಒಂದುಂಟು: ಎಣ್ಣೆ ಕಣ್ಣಿಗೆ ಕಾಣದಾಯಿತು. ಬಂಡಿ ಕಿರುಗುಟ್ಟಿ ಕೇಳುತ್ತಿತ್ತು. ಡಿಫರೆನ್ಷಿಯಲ್ ಮುಕ್ಕಾಲು ಬತ್ತುವವರೆಗೂ ಬಾಯಿ ಬಿಡುವುದಿಲ್ಲ. ಗುಂಯ್ ಎಂಬ ಸದ್ದು ಕೇಳುವ ಹೊತ್ತಿಗೆ ಹಲ್ಲುಗಳು ಕೆಟ್ಟಿರುತ್ತವೆ. ಕೆಲವು ನೂರು ರೂಪಾಯಿಯ ಸೀಲಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಕ್ರೌನು ಪಿನಿಯನ್ನುಗಳ ಜೋಡಿಗೆ ಬಂದು ನಿಲ್ಲುತ್ತದೆ. ಬಾಡಿಗೆಗೆ ಓಡಿಸಿ ಬದುಕುವವನಿಗೆ ಅದು ಒಂದು ಸುಗ್ಗಿಯ ದುಡಿಮೆ.

ದೋಆಬದ ನೆಲ ಈ ಸೀಲುಗಳಿಗೆ ವಿಶೇಷ ವೈರಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಅಂಟಾಗುತ್ತದೆ, ಬೇಸಗೆಯಲ್ಲಿ ಬಿರಿದು ಹಿಟ್ಟಿನಂಥ ದೂಳಾಗುತ್ತದೆ. ಆ ದೂಳು ಸೀಲಿನ ತುಟಿಯಲ್ಲಿ ಸೇರಿ ಉಕ್ಕಿನ ದಂಡವನ್ನೇ ಗೆರೆ ಬೀಳುವಂತೆ ಸವೆಸುತ್ತದೆ. ಬಿಸಿಲಿನ ಕಾವು 40 ಡಿಗ್ರಿ ದಾಟುವ ಊರಲ್ಲಿ ರಬ್ಬರು ಗಡುಸಾಗುವುದೂ ಬೇಗ. ಇವು ಎಲ್ಲರೂ ಹೇಳುವ ಕಾರಣಗಳು. ಇನ್ನೊಂದನ್ನು ನನಗೆ ತಿಳಿಸಿದವನು ಮಾನ್ವಿಯ ರಸ್ತೆಯ ಒಬ್ಬ ಮೆಕ್ಯಾನಿಕ. ನನ್ನ ಹಳೆಯ ಗಾಡಿಯ ಪಿನಿಯನ್ ಸೀಲು ಒಂದೇ ವರ್ಷದಲ್ಲಿ ಎರಡನೆಯ ಸಲ ಸೋರಿದಾಗ, ಹಿಂದೆ ಹಾಕಿದವರನ್ನು ನಾನು ಬೈಯುತ್ತಿದ್ದೆ. ಅವನು ಗಾಡಿಯ ಕೆಳಗಿನಿಂದಲೇ ಹೇಳಿದ: “ಸೀಲಿಂದೇನು ತಪ್ಪಿಲ್ರಿ ಸರ. ಹೌಸಿಂಗಿಗೆ ಉಸಿರು ಕಟ್ಟೈತಿ.”

ಹೌಸಿಂಗಿನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಬೆರಳ ತುದಿಯಷ್ಟು ಚಿಕ್ಕ ನಳಿಗೆಯೊಂದಿದೆ. ಗಾಡಿ ಓಡಿ ಎಣ್ಣೆ ಕಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. 30 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಅದರ ಒತ್ತಡ ಐದರಲ್ಲೊಂದು ಪಾಲು ಹೆಚ್ಚಬೇಕು. ಬ್ರೀದರ್ ತೆರೆದಿದ್ದರೆ ಗಾಳಿ ಹೊರಗೆ ಹೋಗಿ ಎಲ್ಲ ಸರಿಯಿರುತ್ತದೆ. ಎರೆಮಣ್ಣು ಒಣಗಿ ಅದರ ಬಾಯಿ ಮುಚ್ಚಿದ್ದರೆ, ಒತ್ತಡ ತನ್ನ ದಾರಿಯನ್ನು ಸೀಲಿನ ತುಟಿಯಲ್ಲಿ ಹುಡುಕುತ್ತದೆ. ಅದಕ್ಕಿಂತ ಕೇಡು ಮುಂದಿದೆ. ಕಾದ ಗಾಡಿ ಹಳ್ಳದ ನೀರಿಗೆ ಇಳಿದಾಗ ಹೌಸಿಂಗು ತಟ್ಟನೆ ತಣಿಯುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಅದೇ ಸೀಲಿನ ಸಂದಿಯಿಂದ ಕೆಸರುನೀರನ್ನು ಒಳಕ್ಕೆ ಹೀರುತ್ತದೆ. ಅವನು ಒಂದು ತಂತಿಯನ್ನು ಹಾಕಿ ತಿರುವಿ ತೆಗೆದ ಮಣ್ಣು ಚಿಟಿಕೆಯಷ್ಟೂ ಇರಲಿಲ್ಲ.

ಸೀಲನ್ನು ಬದಲಿಸುವ ಕೆಲಸ ನೋಡುವುದಕ್ಕೆ ಸುಲಭ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಜಾಕಿಯನ್ನೇ ನಂಬದೆ ಗಟ್ಟಿ ಆಧಾರಗಳ ಮೇಲೆ ಇಳಿಸಬೇಕು. ಮೊದಲು ತುಂಬುವ ಬಿರಡೆಯನ್ನು ಸಡಿಲಿಸಿ ನೋಡಿ ಆಮೇಲೆ ಕೆಳಗಿನದನ್ನು ಬಿಚ್ಚುವುದು ಜಾಣತನ. ಎಣ್ಣೆಯನ್ನೆಲ್ಲ ಸುರಿಸಿದ ಮೇಲೆ ತುಂಬುವ ಬಿರಡೆ ತುಕ್ಕು ಹಿಡಿದು ಬಿಗಿದಿರುವುದು ತಿಳಿದರೆ ಗಾಡಿ ಅಲ್ಲೇ ಕೂತಂತೆ. ಶಾಫ್ಟನ್ನು ಕಳಚುವ ಮುಂಚೆ ಅದಕ್ಕೂ ಫ್ಲ್ಯಾಂಜಿಗೂ ಒಂದೇ ಗುರುತು ಹಾಕಬೇಕು, ಇಲ್ಲವಾದರೆ ಜೋಡಿಸಿದ ಮೇಲೆ ನಡುಕ ಬರಬಹುದು. ಪಿನಿಯನ್ನಿನ ನಟ್ಟಿನ ಮಾತು ಎಲ್ಲಕ್ಕಿಂತ ಸೂಕ್ಷ್ಮ. ಆ ನಟ್ಟು ಎಷ್ಟು ಬಿಗಿಯಿದೆ ಎಂಬುದರ ಮೇಲೆ ಒಳಗಿನ ಬೇರಿಂಗುಗಳ ಒತ್ತು ನಿಂತಿದೆ. ಹಳೆಯ ಜೀಪುಗಳಲ್ಲಿ ತೆಳು ತಗಡಿನ ಬಿಲ್ಲೆಗಳನ್ನಿಟ್ಟು ಈ ಒತ್ತನ್ನು ಕೂಡಿಸುತ್ತಿದ್ದರು. ಈಚಿನ ಎಷ್ಟೋ ಗಾಡಿಗಳಲ್ಲಿ ಒತ್ತಿದಷ್ಟೂ ಕುಗ್ಗುವ ಒಂದು ಉಕ್ಕಿನ ಕೊಳವೆ ಇದೆ. ಅದು ಒಮ್ಮೆ ಕುಗ್ಗಿತೆಂದರೆ ಮತ್ತೆ ಹಿಗ್ಗದು. ಬಲವುಳ್ಳ ಹುಡುಗನೊಬ್ಬ ಹುರುಪಿನಿಂದ ಅರ್ಧ ಸುತ್ತು ಹೆಚ್ಚಾಗಿ ಬಿಗಿದರೆ, ಹೊಸ ಸೀಲಿನೊಂದಿಗೆ ಬೇರಿಂಗಿನ ಸಾವೂ ಜೊತೆಗೆ ಬಂತು. ಬಲ್ಲವರು ಬಿಚ್ಚುವ ಮುಂಚೆ ನಟ್ಟಿನ ಸುತ್ತುಗಳನ್ನು ಎಣಿಸಿ, ದಂಡ ಎಷ್ಟು ಬಿಗಿಯಾಗಿ ತಿರುಗುತ್ತದೆಂದು ಅಳೆದು, ಅದೇ ಹದಕ್ಕೆ ತರುತ್ತಾರೆ.

ಹಳೆಯ ಸೀಲನ್ನು ಕಿತ್ತ ಮೇಲೆ ಫ್ಲ್ಯಾಂಜಿನ ಮೇಲೆ ತುಟಿ ಆಡುವ ಜಾಗವನ್ನು ಉಗುರಿನಿಂದ ಮುಟ್ಟಿ ನೋಡಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಎಂಥ ಹೊಸ ಸೀಲೂ ನಿಲ್ಲದು. ಫ್ಲ್ಯಾಂಜನ್ನು ಬದಲಿಸಬೇಕು, ಅಥವಾ ತೆಳುವಾದ ಉಕ್ಕಿನ ಕವಚವನ್ನು ಅದರ ಮೇಲೆ ತೊಡಿಸಬೇಕು. ಹೊಸ ಸೀಲಿನ ಸ್ಪ್ರಿಂಗು ಇರುವ ಮುಖ ಎಣ್ಣೆಯ ಕಡೆಗಿರಲಿ. ತುಟಿಗೆ ಎಣ್ಣೆ ಸವರಲಿ. ಒಂದೇ ಬದಿಗೆ ಬಡಿಯದೆ ಸುತ್ತಲೂ ಸಮನಾಗಿ ಕೂರಿಸಲಿ. ಒಣ ತುಟಿಯೊಡನೆ ತೊಡಿಸಿದ ಸೀಲು ಮೊದಲ ಮೈಲಿಯಲ್ಲೇ ಸುಡುತ್ತದೆ.

ಗಾಲಿಯ ಕಡೆಯ ಸೀಲು ಸೋರಿದರೆ ಎಣ್ಣೆಯ ನಷ್ಟದ ಮಾತು ಹಿಂದೆ ಬಿದ್ದು ಪ್ರಾಣದ ಮಾತು ಬರುತ್ತದೆ. ಅಲ್ಲಿ ಎಣ್ಣೆ ನೆಲಕ್ಕೆ ಬೀಳದೆ ಬ್ರೇಕಿನ ಡ್ರಮ್ಮಿಗೆ ಇಳಿಯುತ್ತದೆ. ಒಂದು ಗಾಲಿ ಹಿಡಿದು ಇನ್ನೊಂದು ಜಾರಿದರೆ ಗಾಡಿ ಅಡ್ಡವಾಗಿ ತಿರುಗುತ್ತದೆ. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಬೆಳಗಿನ ಜಾವ ಕಿಕ್ಕಿರಿಸಿಕೊಂಡು ಒಯ್ಯುವ ಗಾಡಿಗಳ ಹಿಂಗಾಲಿಯ ಒಳಬದಿಯನ್ನು ಯಾರಾದರೂ ಬಗ್ಗಿ ನೋಡಿದ್ದಾರೆಯೇ? ಅಲ್ಲಿ ಎಣ್ಣೆಯಲ್ಲಿ ನೆನೆದ ದೂಳಿನ ಕಪ್ಪು ಗೆರೆಗಳು ಇಳಿದಿದ್ದರೆ ಆ ಗಾಡಿ ಹೊರಡಕೂಡದು. ಎಣ್ಣೆ ಕುಡಿದ ಬ್ರೇಕಿನ ಪಟ್ಟಿಯನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಮತ್ತೆ ಹಾಕುವ ಅಭ್ಯಾಸ ನಮ್ಮಲ್ಲಿ ಉಂಟು. ಇದು ಉಳಿತಾಯವಲ್ಲ, ಪಟ್ಟಿ ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಕೂಲಿಗೆ ಹೋಗುವವರ ಜೀವಕ್ಕೆ ಎರಡು ಬದಿಯ ಹೊಸ ಪಟ್ಟಿಗಳಷ್ಟಾದರೂ ಬೆಲೆ ಇರಬೇಡವೇ?

ಉಳಿದ ಭಾಗಗಳದು ಸಣ್ಣ ಮಾತು. ಶಾಫ್ಟಿನ ಎರಡು ಕೊನೆಗಳಲ್ಲಿರುವ ಕ್ರಾಸುಗಳಿಗೂ ಜಾರುವ ತೋಳಿಗೂ ಗ್ರೀಸ್ ಗನ್ನಿನಿಂದ ಹಳೆಯ ಗ್ರೀಸು ಹೊರಬರುವವರೆಗೆ ಹೊಸದನ್ನು ಒತ್ತಬೇಕು. ಗೇರು ಹಾಕಿದೊಡನೆ ಟಕ್ ಎಂದರೆ ಮೊದಲ ಅನುಮಾನ ಕ್ರಾಸಿನ ಮೇಲೆ. ಡಿಫರೆನ್ಷಿಯಲಿಗೆ ತಂದ ಎಣ್ಣೆಯನ್ನೇ ಗೇರುಪೆಟ್ಟಿಗೆಗೂ ಸುರಿಯುವುದು ಎಲ್ಲ ಗಾಡಿಗಳಿಗೂ ಸಲ್ಲದು. ಹೈಪಾಯ್ಡ್ ಹಲ್ಲಿಗೆ ಹಿತವಾದ ಜಿಎಲ್-5 ಎಣ್ಣೆ ಕೆಲವು ಗೇರುಪೆಟ್ಟಿಗೆಗಳ ಹಿತ್ತಾಳೆಯ ಭಾಗಗಳನ್ನು ತಿನ್ನಬಲ್ಲುದು. ಗಾಡಿಯೊಡನೆ ಬಂದ ಪುಸ್ತಕವನ್ನು ನೋಡಿ ಹಾಕುವುದು ಲೇಸು. ಆ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಓದಬೇಕಾದವನು ಕನ್ನಡವನ್ನೋ ದಖನಿಯನ್ನೋ ಆಡುತ್ತಾನೆ. ಕನ್ನಡ ಕಲಿಸುವ ನನ್ನಂಥವರು ಈ ಕಡೆಗೆ ಕಣ್ಣು ಹಾಯಿಸಿದ್ದು ಕಡಮೆ. ರಾಘವಾಂಕನ ಪಾಠಾಂತರಗಳಿಗೆ ಕೊಟ್ಟ ಕಾಲದಲ್ಲಿ ಒಂದಿಷ್ಟನ್ನು ಇಂಥ ಒಂದು ಕೈಪಿಡಿಗೆ ಕೊಟ್ಟಿದ್ದರೆ ರಾಘವಾಂಕನೇನೂ ಮುನಿಯುತ್ತಿರಲಿಲ್ಲ. ಗುಂಬ, ಕಡೆಗೀಲು, ಕೀಲೆಣ್ಣೆ ಎಂಬ ಮಾತುಗಳು ಬಂಡಿಯೊಡನೆ ಹೋಗುತ್ತಿವೆ. ಸೀಲು, ಕ್ರೌನು, ಕ್ರಾಸು ಎಂಬ ಹೊಸ ಮಾತುಗಳು ಇನ್ನೂ ಯಾವ ನಿಘಂಟಿನ ಹೊಸ್ತಿಲಲ್ಲೂ ಮರ್ಯಾದೆಯಿಂದ ಕೂತಿಲ್ಲ.

ಮಳೆಗಾಲ ಮುಗಿದ ಮೇಲೆ, ಹಳ್ಳ ಕಾಲುವೆಗಳಲ್ಲಿ ಇಳಿದು ಹತ್ತಿದ ಗಾಡಿಗಳ ಡಿಫರೆನ್ಷಿಯಲನ್ನು ಒಮ್ಮೆ ತೆರೆಸಿ ನೋಡಬೇಕು. ತುಂಬುವ ತೂತಿನಲ್ಲಿ ಕಿರುಬೆರಳನ್ನಿಟ್ಟರೆ ಎಣ್ಣೆ ತೂತಿನ ಕೆಳಅಂಚಿಗೆ ಸಮನಾಗಿ ತಾಗಬೇಕು. ಅದಕ್ಕಿಂತ ಹೆಚ್ಚು ತುಂಬಿದರೂ ಸೀಲಿಗೆ ಕೇಡೇ. ಬೆರಳಿಗೆ ಬಂದ ಎಣ್ಣೆ ಜೇನಿನ ಬಣ್ಣವಿದ್ದರೆ ಸರಿ. ಕಪ್ಪಾಗಿದ್ದರೆ ಬದಲಿಸುವ ಕಾಲ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಅಂದೇ ಸುರಿಸಬೇಕು. ಕೆಳಗಿನ ಬಿರಡೆಯ ಅಯಸ್ಕಾಂತಕ್ಕೆ ನುಣ್ಣನೆಯ ಬೂದಿಯಂಥ ಉಕ್ಕಿನ ಪುಡಿ ಅಂಟಿರುವುದು ಸಹಜ. ಚೂರುಗಳು ಅಂಟಿದ್ದರೆ ಒಳಗಿನ ಹಲ್ಲು ಮುರಿಯುತ್ತಿದೆ.